ಪಾಲುಪಟ್ಟಿಯಲ್ಲಿ ಬರೆಯದ ಬಳುವಳಿ: ಕನ್ನಡ ಕೃತಿಗಳಲ್ಲಿ ತಂದೆ

ತಾಯಿಯ ಕುರಿತು ಕನ್ನಡದಲ್ಲಿ ಬಂದಷ್ಟು ಒಳ್ಳೆಯ ಬರಹ ತಂದೆಯ ಕುರಿತು ಬಂದಿಲ್ಲ ಎಂಬ ಮಾತು ನಮ್ಮ ಸಾಹಿತ್ಯಗೋಷ್ಠಿಗಳಲ್ಲಿ ಆಗಾಗ ಕೇಳಿಬರುತ್ತದೆ. ಮೇಲ್ನೋಟಕ್ಕೆ ಅದು ನಿಜವೇ. ನಾಡು ನಮಗೆ ತಾಯಿ, ನುಡಿ ತಾಯಿ, ಹರಿಯುವ ಹೊಳೆ ತಾಯಿ. ಪಿ. ಲಂಕೇಶರ ‘ಅವ್ವ’ ಕವಿತೆಯನ್ನು ಅರಿಯದ ಕಾವ್ಯಾಸಕ್ತರು ವಿರಳ. ದತ್ತಾತ್ರೇಯ ರಾಮಚಂದ್ರ ಬೇಂದ್ರೆಯವರ ಹೆಸರಿನ ನಡುವೆ ತಂದೆಯ ಹೆಸರು ಇದ್ದೇ ಇತ್ತು. ಆದರೂ ಕಾವ್ಯದ ಅಂಕಿತಕ್ಕೆ ಅವರು ಆರಿಸಿಕೊಂಡದ್ದು ತಾಯಿ ಅಂಬಿಕೆಯ ಹೆಸರನ್ನು. ಅಂಬಿಕಾತನಯದತ್ತನೆಂದೇ ಅವರು ಕನ್ನಡಕ್ಕೆ ಪರಿಚಿತರಾದರು.

ಆದರೆ ಈ ಮಾತು ಅರ್ಧಸತ್ಯ. ನಮ್ಮ ಕಾವ್ಯ, ನಾಟಕ, ಕಾದಂಬರಿಗಳಲ್ಲಿ ತಂದೆಯರಿಗೆ ಕೊರತೆಯಿಲ್ಲ. ಅವರು ಸ್ತುತಿಗೆ ಪಾತ್ರರಾಗಿ ಬರುವುದಕ್ಕಿಂತ ವಿಚಾರಣೆಗೆ ಪಾತ್ರರಾಗಿ ಬರುವುದೇ ಹೆಚ್ಚು, ಅಷ್ಟೆ. ತಾಯಿಯನ್ನು ನಮ್ಮ ಸಾಹಿತ್ಯ ಹಾಡಿತು, ತಂದೆಯನ್ನು ಪ್ರಶ್ನಿಸಿತು. ಹಾಡಿನಷ್ಟು ಸುಲಭವಾಗಿ ಪ್ರಶ್ನೆ ನೆನಪಿನಲ್ಲಿ ಉಳಿಯದಿರುವುದರಿಂದ ತಂದೆ ಇಲ್ಲವೇ ಇಲ್ಲವೆಂಬ ಭ್ರಮೆ ನಮಗೆ ಉಂಟಾಗಿರಬಹುದು. ಆ ಪ್ರಶ್ನೆ ಯಾವುದು? ನನ್ನ ಓದಿಗೆ ದಕ್ಕಿದಂತೆ ಅದು ಒಂದೇ: ಮನೆ, ಗದ್ದೆ, ಕುಲದ ಹೆಸರು, ಅಧಿಕಾರ ಇವೆಲ್ಲವನ್ನೂ ಕಳೆದರೆ ತಂದೆಯೆಂಬವನಲ್ಲಿ ಮಕ್ಕಳಿಗಾಗಿ ಉಳಿಯುವುದೇನು? ಈ ಪ್ರಶ್ನೆಯನ್ನು ಹಿಡಿದುಕೊಂಡು ಕೆಲವು ಪ್ರಸಿದ್ಧ ಕೃತಿಗಳನ್ನು ಮತ್ತೊಮ್ಮೆ ನೋಡುವುದು ಈ ಲೇಖನದ ಉದ್ದೇಶ.

ಕಾಸರಗೋಡಿನವರಾದ ನಮಗೆ ಈ ಪ್ರಶ್ನೆ ಪುಸ್ತಕದಿಂದ ಬಂದುದಲ್ಲ. ನಮ್ಮ ಊರುಗಳಲ್ಲಿ ತಂದೆಯಿಂದ ಮಗನಿಗೆ ಆಸ್ತಿ ಇಳಿಯುವ ಮನೆಗಳೂ ಮಾವನಿಂದ ಸೋದರಳಿಯನಿಗೆ ಆಸ್ತಿ ಇಳಿಯುವ ಅಳಿಯಸಂತಾನದ ಮನೆಗಳೂ ಒಂದೇ ಬಯಲಿನ ಎರಡು ಅಂಚಿನಲ್ಲಿ ಶತಮಾನಗಳ ಕಾಲ ಬಾಳಿದವು. ಅಳಿಯಸಂತಾನದ ಮನೆಯಲ್ಲಿ ಯಜಮಾನಿಕೆ ಸೋದರಮಾವನದು. ಅಲ್ಲಿ ತಂದೆ ತನ್ನ ಮಕ್ಕಳಿಗೆ ಕುಟುಂಬದ ಗದ್ದೆಯ ಒಂದು ಮುಡಿಯನ್ನೂ ಹಕ್ಕಿನಿಂದ ಕೊಡುವಂತಿರಲಿಲ್ಲ. ತುಳುವಿನಲ್ಲಿ ತಾಯಿ ‘ಅಪ್ಪೆ’, ತಂದೆ ‘ಅಮ್ಮೆ’. ಕನ್ನಡದ ಕಿವಿಗೆ ಹೆಸರುಗಳು ಅದಲುಬದಲಾದಂತೆ ಕೇಳಿಸುತ್ತದೆ. ಕೆಲವು ಮನೆಗಳಲ್ಲಿ ಸ್ಥಾನಗಳೂ ಹಾಗೆಯೇ ಇದ್ದವು.

ಈ ಪದ್ಧತಿಯ ಹುಟ್ಟಿಗೆ ಭೂತಾಳಪಾಂಡ್ಯನ ಐತಿಹ್ಯವನ್ನು ಹೇಳುತ್ತಾರೆ. ದೇವಪಾಂಡ್ಯನೆಂಬ ಅರಸನ ಹಡಗುಗಳು ನೀರಿಗಿಳಿಯಬೇಕಾದರೆ ಅರಸುಕುಲದ ಮಗುವಿನ ಬಲಿಯಾಗಬೇಕೆಂದು ಕುಂಡೋದರನೆಂಬ ಭೂತ ಕೇಳಿತಂತೆ. ಅರಸಿ ತನ್ನ ಮಕ್ಕಳನ್ನು ಒಪ್ಪಿಸಲಿಲ್ಲ. ಅರಸನ ಸಹೋದರಿ ತನ್ನ ಮಗನನ್ನು ಒಪ್ಪಿಸಿದಳು. ಭೂತ ಮೆಚ್ಚಿ ಬಾಲಕನನ್ನು ಉಳಿಸಿತು. ಅಲ್ಲಿಂದ ಮುಂದೆ ರಾಜ್ಯ ಮಕ್ಕಳಿಗಲ್ಲ, ಅಳಿಯನಿಗೆ ಎಂದಾಯಿತು. ಇದು ಚರಿತ್ರೆಯಲ್ಲ, ಕಥೆ. ಆದರೂ ಕಥೆಯಾಗಿ ಗಮನಿಸಬೇಕಾದ ಒಂದು ಅಂಶವಿದೆ. ನಾವು ಕೇಳುತ್ತ ಬಂದ ರೂಪದಲ್ಲಿ ತೀರ್ಮಾನ ಮಾಡುವವರು ಇಬ್ಬರು ತಾಯಂದಿರು. ಒಬ್ಬಳು ಇಲ್ಲ ಎನ್ನುತ್ತಾಳೆ, ಇನ್ನೊಬ್ಬಳು ಹೂಂ ಎನ್ನುತ್ತಾಳೆ. ಮಕ್ಕಳನ್ನು ಹೆತ್ತ ಅರಸ ಕೇಳುವವನ ಸ್ಥಾನದಲ್ಲಿಯೇ ನಿಂತುಬಿಡುತ್ತಾನೆ. ರಾಜ್ಯ ಕೊಡುವವನೂ ಅವನೇ, ಕಸಿಯುವವನೂ ಅವನೇ. ಆದರೆ ಮಗುವಿನ ಪ್ರಾಣದ ಮಾತು ಬಂದಾಗ ಅವನಿಗೆ ಮಾತಿಲ್ಲ.

ಕೇರಳದಲ್ಲಿ ಅವಿಭಕ್ತ ಕುಟುಂಬ ಪದ್ಧತಿ 1976ರಲ್ಲಿ ಕಾನೂನಿನ ಮೂಲಕ ಕೊನೆಗೊಂಡಿತು. ಆದರೆ ಮಕ್ಕಳಿಗೆ ಆಸ್ತಿ ಬಿಡದ ತಂದೆಯೂ ತಂದೆಯೇ ಆಗಿದ್ದ ಒಂದು ಕಾಲವನ್ನು ಕಂಡ ಹಿರಿಯರು ನಮ್ಮಲ್ಲಿ ಇನ್ನೂ ಇದ್ದಾರೆ. ಆದುದರಿಂದ ತಂದೆತನವನ್ನು ಆಸ್ತಿಯಿಂದ ಬೇರ್ಪಡಿಸಿ ಯೋಚಿಸುವುದು ಈ ನೆಲಕ್ಕೆ ಹೊಸತಲ್ಲ.

ಹಳೆಯ ಕಾವ್ಯದಿಂದ ಆರಂಭಿಸೋಣ. ನಮ್ಮ ಮನೆಗಳ ಚಾವಡಿಯಲ್ಲಿ ಮಳೆಗಾಲದ ಸಂಜೆಗಳಲ್ಲಿ ಓದಿಸಿಕೊಳ್ಳುತ್ತಿದ್ದ ಗ್ರಂಥಗಳಲ್ಲಿ ಲಕ್ಷ್ಮೀಶನ ‘ಜೈಮಿನಿ ಭಾರತ’ ಮುಖ್ಯವಾದುದು. ವಾರ್ಧಕ ಷಟ್ಪದಿಯ ನಾದಕ್ಕಾಗಿ ಅದನ್ನು ಹೊಗಳುತ್ತೇವೆ. ಆದರೆ ಅದರ ಕಥಾವಸ್ತುವನ್ನು ನೋಡಿದರೆ ಅದು ತಂದೆ-ಮಕ್ಕಳ ಕಾವ್ಯವೂ ಹೌದು. ಸುಧನ್ವನ ಕಥೆ, ಬಭ್ರುವಾಹನನ ಕಥೆ, ಕುಶಲವರ ಕಥೆ ಮೂರರಲ್ಲಿಯೂ ತಂದೆಗೆ ಎದುರಾಗಿ ಮಗನಿದ್ದಾನೆ. ಇವೇ ಕಥೆಗಳು ಯಕ್ಷಗಾನದ ಪ್ರಸಂಗಗಳಾಗಿ ನಮ್ಮ ಬಯಲುಗಳಲ್ಲಿ ಬೆಳಗಿನವರೆಗೆ ನಡೆದವು. ಪಾರ್ತಿಸುಬ್ಬನ ಕುಂಬಳೆ, ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥಗಾರಿಕೆಯ ನಾಡು ನಮ್ಮದು. ಓದುಬರಹ ಇಲ್ಲದವರೂ ಈ ತಂದೆಯರ ಪರವಾಗಿಯೋ ವಿರುದ್ಧವಾಗಿಯೋ ಮರುದಿನ ತೋಟದ ಕೆಲಸದ ನಡುವೆ ವಾದ ಮಾಡಬಲ್ಲವರಾಗಿದ್ದರು.

ಸುಧನ್ವನ ತಂದೆ ಹಂಸಧ್ವಜ. ಯುದ್ಧಕ್ಕೆ ತಡವಾಗಿ ಬಂದವರನ್ನು ಕಾದ ಎಣ್ಣೆಯ ಕೊಪ್ಪರಿಗೆಗೆ ಹಾಕುವೆನೆಂದು ಡಂಗುರ ಹೊಯ್ಸಿದವನು. ತಡವಾದವನು ತನ್ನ ಮಗನೇ ಎಂದು ತಿಳಿದಾಗಲೂ ಆಜ್ಞೆ ಬದಲಾಗುವುದಿಲ್ಲ. ಮಗನು ಹರಿಸ್ಮರಣೆಯಿಂದ ಉಳಿಯುತ್ತಾನೆ. ಕಥೆ ಭಕ್ತಿಯ ಮಹಿಮೆಯನ್ನು ಹೇಳುವುದಕ್ಕಾಗಿ ಇದೆ ಎಂಬುದು ನಿಜ. ಆದರೆ ಮಗನನ್ನು ಉಳಿಸಿದವನು ದೇವರು, ತಂದೆಯಲ್ಲ ಎಂಬುದನ್ನು ಕೇಳುಗರು ಮರೆಯಲಾರರು. ರಾಜಧರ್ಮ ಗೆದ್ದಿತು, ಪಿತೃಧರ್ಮಕ್ಕೆ ಏನಾಯಿತೆಂಬ ಪ್ರಶ್ನೆ ಉಳಿಯಿತು.

ಬಭ್ರುವಾಹನನ ಕಥೆ ಇನ್ನೂ ಸೂಕ್ಷ್ಮವಾದುದು. ಕಟ್ಟಿದ ಕುದುರೆ ತಂದೆ ಅರ್ಜುನನದೆಂದು ತಾಯಿ ಚಿತ್ರಾಂಗದೆಯಿಂದ ತಿಳಿದ ಮಗನು ಕಾಣಿಕೆಗಳೊಂದಿಗೆ ಬಂದು ಕಾಲಿಗೆರಗುತ್ತಾನೆ. ಅರ್ಜುನನು ಅವನನ್ನು ಒದೆಯುತ್ತಾನೆ. ತನ್ನ ಮಗನಾಗಿದ್ದರೆ ಹೋರಾಡುತ್ತಿದ್ದನೆಂದು ಹಂಗಿಸುತ್ತಾನೆ. ಇಲ್ಲಿ ಆಸ್ತಿ ಹಿಮ್ಮುಖವಾಗಿ ಹರಿಯುತ್ತಿದೆ: ಮಗನೇ ತಂದೆಗೆ ರಾಜ್ಯವನ್ನು ತಂದೊಪ್ಪಿಸುತ್ತಿದ್ದಾನೆ. ತಂದೆಗೆ ಅದು ಬೇಕಿಲ್ಲ. ಅವನಿಗೆ ಬೇಕಾದದ್ದು ತನ್ನ ಪ್ರತಿಬಿಂಬ. ವಿನಯವಂತನಾದ ಮಗನಲ್ಲಿ ಅವನು ತನ್ನನ್ನು ಕಾಣಲಾರ. ತನ್ನನ್ನು ಕೊಲ್ಲಬಲ್ಲ ಮಗನಲ್ಲಿ ಮಾತ್ರ ಕಾಣಬಲ್ಲ. ಕೊನೆಗೆ ಮಗನ ಬಾಣದಿಂದಲೇ ಸಾಯುತ್ತಾನೆ, ಸಂಜೀವಕ ಮಣಿಯಿಂದ ಮರಳಿ ಬದುಕುತ್ತಾನೆ. ಎಂಜಿನಿಯರನಾಗದ ಮಗನನ್ನು, ವೈದ್ಯಳಾಗದ ಮಗಳನ್ನು ಕಡೆಗಣ್ಣಿನಿಂದ ನೋಡುವ ಇಂದಿನ ವಿದ್ಯಾವಂತ ತಂದೆಗೂ ಮಣಿಪುರದ ಬಯಲಿನಲ್ಲಿ ನಿಂತ ಅರ್ಜುನನಿಗೂ ಇರುವ ದೂರ ಅಷ್ಟೇನೂ ಹೆಚ್ಚಲ್ಲ.

ಪುರಾಣದ ಇಂತಹ ತಂದೆಯನ್ನೇ ಆಧುನಿಕ ಕನ್ನಡ ಮತ್ತೊಮ್ಮೆ ವಿಚಾರಣೆಗೆ ಕರೆದದ್ದು ಗಿರೀಶ ಕಾರ್ನಾಡರ ‘ಯಯಾತಿ’ಯಲ್ಲಿ. 1961ರಲ್ಲಿ ಪ್ರಕಟವಾದ ಈ ನಾಟಕವನ್ನು ಬರೆದಾಗ ಕಾರ್ನಾಡರಿಗೆ ಇನ್ನೂ ಇಪ್ಪತ್ತರ ಆಸುಪಾಸಿನ ವಯಸ್ಸು. ತಂದೆ ಯಯಾತಿ ಮಗನ ಯೌವನವನ್ನು ಕೇಳುತ್ತಾನೆ, ಮಗ ಪುರು ಕೊಡುತ್ತಾನೆ. ಮಹಾಭಾರತದಲ್ಲಿ ಇದು ಪಿತೃಭಕ್ತಿಯ ದೃಷ್ಟಾಂತ. ಕಾರ್ನಾಡರು ಪುರುವಿಗೆ ಚಿತ್ರಲೇಖೆಯೆಂಬ ಹೆಂಡತಿಯನ್ನು ಕೊಟ್ಟು ದೃಷ್ಟಾಂತವನ್ನು ದುರಂತವಾಗಿಸಿದರು. ಒಂದೇ ರಾತ್ರಿಯಲ್ಲಿ ಮುದುಕನಾದ ಗಂಡನನ್ನು ಕಂಡ ಚಿತ್ರಲೇಖೆ ಪ್ರಾಣ ಕಳೆದುಕೊಳ್ಳುತ್ತಾಳೆ. ಆಗ ಮಾತ್ರ ಯಯಾತಿಗೆ ತಾನು ಪಡೆದದ್ದರ ಬೆಲೆ ತಿಳಿಯುತ್ತದೆ. ಪಿತೃಭಕ್ತಿಯನ್ನು ಮಗ ಕೊಡಬಹುದು, ಆದರೆ ತಂದೆ ಅದನ್ನು ಕೇಳಿ ಪಡೆಯಬಾರದು ಎಂಬುದು ನಾಟಕದ ಒಳಮಾತು. ಮಗನ ಬದುಕನ್ನು ತಂದೆ ತನ್ನ ಬದುಕಿನ ಮುಂದುವರಿಕೆಯೆಂದು ಭಾವಿಸಿದೊಡನೆ ಆ ಮನೆಗೆ ಹೊರಗಿನಿಂದ ಬಂದ ಹೆಣ್ಣುಮಗಳೇ ಮೊದಲು ನೋಯುತ್ತಾಳೆಂಬುದನ್ನು ಕೂಡುಕುಟುಂಬಗಳನ್ನು ಬಲ್ಲವರು ಒಪ್ಪದಿರಲಾರರು.

ಅರಮನೆಗಳಿಂದ ನಮ್ಮ ಕರಾವಳಿಯ ಮನೆಗಳಿಗೆ ಇಳಿದರೆ ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ ಇದೆ. ಕೋಟದ ಸಮೀಪದ ಕೋಡಿಯಲ್ಲಿ, ಒಂದು ಕಡೆ ಕಡಲು ಇನ್ನೊಂದು ಕಡೆ ಹೊಳೆ ಇರುವ ಮಣ್ಣಿನಲ್ಲಿ ನಡೆಯುವ ಮೂರು ತಲೆಮಾರಿನ ಕಥೆ ಅದು. ಅಜ್ಜ ರಾಮ ಐತಾಳ, ಮಗ ಲಚ್ಚ, ಮೊಮ್ಮಗ ರಾಮ. ಈ ಕಾದಂಬರಿಯನ್ನು ಹೆಂಗಸರ ದುಡಿಮೆಯ ಮಹಾಕಥನವೆಂದು ವಿಮರ್ಶಕರು ಕರೆದಿದ್ದಾರೆ, ಅದು ಸರಿಯೇ. ಸರಸೋತಿ, ಪಾರೋತಿ, ಸತ್ಯಭಾಮೆ, ನಾಗವೇಣಿಯರ ದುಡಿತವನ್ನು ಓದಿ ಮರೆಯುವಂತಿಲ್ಲ. ಆದರೆ ಅದೇ ಕಾದಂಬರಿ ತಂದೆತನದ ಮೂರು ಪರೀಕ್ಷೆಗಳ ಕಥೆಯೂ ಹೌದು.

ರಾಮ ಐತಾಳರು ಜಿಪುಣರು, ದುಡಿಸಿಕೊಳ್ಳುವವರು, ಆದರೆ ಕೆಟ್ಟವರಲ್ಲ. ಮಕ್ಕಳಿಲ್ಲವೆಂದು ಎರಡನೆಯ ಮದುವೆಯಾಗಿ ಪಡೆದ ಮಗನಿಗೆ ಅವರು ತಮಗೆ ಒಳ್ಳೆಯದೆಂದು ತೋರಿದ್ದನ್ನೆಲ್ಲ ಕೊಡುತ್ತಾರೆ. ಮನೆ ಕೊಡುತ್ತಾರೆ, ಹಣ ಕೊಡುತ್ತಾರೆ, ನೆರೆಯ ಶೀನಮಯ್ಯನ ಮನೆಯವರಿಗೆ ಸರಿಸಮನಾಗಬೇಕೆಂಬ ಹಟದಿಂದ ಇಂಗ್ಲಿಷ್ ವಿದ್ಯೆಯನ್ನೂ ಕೊಡಿಸುತ್ತಾರೆ. ಕೊಡದೆ ಉಳಿದದ್ದು ಒಂದೇ: ತಾನು ದುಡಿಯುವ ಮಣ್ಣಿನ ಮೇಲೆ ಮಗನಿಗೂ ಒಂದು ಮಮತೆ ಹುಟ್ಟುವಂತಹ ಒಡನಾಟ. ಪೇಟೆಗೆ ಓದಲು ಹೋದ ಲಚ್ಚ ಮನೆಯಿಂದ ಬರುವ ಹಣವನ್ನು ಬಲ್ಲ, ಹಣದ ಹಿಂದಿನ ಬೆವರನ್ನು ಬಲ್ಲವನಲ್ಲ. ಅವನು ಕೆಟ್ಟದ್ದು ಇಂಗ್ಲಿಷ್ ವಿದ್ಯೆಯಿಂದ ಎಂದು ಕೆಲವರು ಓದುತ್ತಾರೆ. ಅದು ಸರಿಯಾದ ಓದಲ್ಲ. ಏಕೆಂದರೆ ಅದೇ ವಿದ್ಯೆಯನ್ನು ಮದರಾಸಿಗೆ ಹೋಗಿ ಪಡೆದ ಮೊಮ್ಮಗ ರಾಮ ಕೆಡುವುದಿಲ್ಲ. ತಂದೆ ಇದ್ದೂ ಇಲ್ಲದ ರಾಮನು ತಾಯಿ ನಾಗವೇಣಿಯ ಕಷ್ಟವನ್ನು ಕಣ್ಣಾರೆ ಕಂಡು ಬೆಳೆದವನು. ತಾಯಿಯ ದುಡಿಮೆಯನ್ನೂ ಆಕೆಯ ಪಿಟೀಲನ್ನೂ ಬಲ್ಲವನು. ಊರಿಗೆ ಮರಳಿ ಬರಬೇಕೆಂಬ ಹಂಬಲ ಹುಟ್ಟುವುದು ಅಂತಹವನಿಗೆ. ಐತಾಳರು ಕೊನೆಗೆ ಆಸ್ತಿಯನ್ನು ಮಗನಿಗೆ ಬಿಡದೆ ಸೊಸೆಯ ಹೆಸರಿಗೆ ಬರೆದದ್ದು ಕಾದಂಬರಿಯ ಅತ್ಯಂತ ಮಾತುಳ್ಳ ಘಟನೆ. ತಾನು ಜೀವಮಾನವಿಡೀ ಮಗನಿಗಾಗಿ ಕೂಡಿಟ್ಟದ್ದು ಮಗನಿಂದಲೇ ಉಳಿಸಿಕೊಳ್ಳಬೇಕಾದ ವಸ್ತುವಾಯಿತೆಂಬುದನ್ನು ಆ ಮುದುಕ ಅರಿತುಕೊಂಡರು. ಆ ಅರಿವಿಗೆ ತಡವಾಗಿತ್ತು.

ದುಡಿದು ಕೂಡಿಟ್ಟ ತಂದೆಯ ಕಥೆ ಅದಾದರೆ, ಏನನ್ನೂ ಹೊರದ ತಂದೆಯ ಕಥೆ ಎಸ್.ಎಲ್. ಭೈರಪ್ಪನವರ ‘ಗೃಹಭಂಗ’. 1970ರಲ್ಲಿ ಪ್ರಕಟವಾದ ಈ ಕಾದಂಬರಿಯ ಚೆನ್ನಿಗರಾಯನಂತಹ ತಂದೆ ಕನ್ನಡದಲ್ಲಿ ಇನ್ನೊಬ್ಬನಿಲ್ಲ. ಅವನು ಮನೆ ಬಿಟ್ಟು ಓಡಿದವನಲ್ಲ, ಕುಡುಕನಲ್ಲ, ಜಾರನಲ್ಲ. ಮನೆಯಲ್ಲಿಯೇ ಇರುತ್ತಾನೆ. ಶಾನುಭೋಗಿಕೆ ಅವನ ಹೆಸರಿನಲ್ಲಿದೆ. ಲೆಕ್ಕ ಬರೆಯುವವಳು ಹೆಂಡತಿ ನಂಜಮ್ಮ. ಮುತ್ತುಗದ ಎಲೆ ಹಚ್ಚಿ ಮಾರಿ ಮಕ್ಕಳ ಹೊಟ್ಟೆ ಹೊರೆಯುವವಳೂ ಅವಳೇ. ಮಕ್ಕಳು ಹಸಿದಿರುವಾಗ ತಾನು ಒಬ್ಬನೇ ತಿಂದು ಬರುವ ಗಂಡಸು ಅವನು. ಇಂತಹವನನ್ನು ದುಷ್ಟನೆಂದು ಕರೆದು ಮುಗಿಸುವುದು ಸುಲಭ. ಆದರೆ ಭೈರಪ್ಪನವರು ಅವನನ್ನು ಆ ತಾಯಿ ಗಂಗಮ್ಮನ ಮಗನನ್ನಾಗಿಯೂ ತೋರಿಸಿದ್ದಾರೆ. ಅವನು ದೊಡ್ಡವನಾಗಲೇ ಇಲ್ಲ. ತಂದೆಯಾದ ಮೇಲೂ ಮಗುವಾಗಿಯೇ ಉಳಿದವನ ಮನೆಯಲ್ಲಿ ಮಕ್ಕಳು ಬೇಗ ದೊಡ್ಡವರಾಗಬೇಕಾಗುತ್ತದೆ.

ಪ್ಲೇಗು ಪಾರ್ವತಿಯನ್ನೂ ರಾಮಣ್ಣನನ್ನೂ ಒಯ್ಯುತ್ತದೆ, ಮುಂದೆ ನಂಜಮ್ಮನನ್ನೂ ಒಯ್ಯುತ್ತದೆ. ಕಿರಿಯ ಮಗ ವಿಶ್ವ ಉಳಿಯುತ್ತಾನೆ. ಕಾದಂಬರಿಯ ಕೊನೆಯಲ್ಲಿ ಅವನನ್ನು ಆ ಊರಿನಿಂದ ಕರೆದುಕೊಂಡು ಹೋಗುವವರು ತಂದೆಯಲ್ಲ, ರಕ್ತಸಂಬಂಧಿಯೂ ಅಲ್ಲ. ಭಿಕ್ಷೆಯಿಂದ ಬದುಕುವ ಮಹದೇವಯ್ಯನವರು. ಅವರ ಬಳಿ ಆ ಹುಡುಗನಿಗೆ ಬಿಟ್ಟುಹೋಗಲು ಹೊಲವಿಲ್ಲ, ಮನೆಯಿಲ್ಲ, ಕುಲವೂ ಬೇರೆ. ಆದರೂ ಕಾದಂಬರಿ ಮುಗಿದಾಗ ಓದುಗರ ಮನಸ್ಸಿನಲ್ಲಿ ವಿಶ್ವನ ತಂದೆಯೆಂದು ಉಳಿಯುವವರು ಅವರೇ. ಹೆತ್ತವನಿಗೂ ಹೊತ್ತವನಿಗೂ ಇರುವ ಅಂತರವನ್ನು ಕನ್ನಡ ಕಾದಂಬರಿ ಇಷ್ಟು ಕಡಿಮೆ ಮಾತಿನಲ್ಲಿ ಬೇರೆಲ್ಲಿಯೂ ಹೇಳಿದಂತಿಲ್ಲ.

ಅದೇ ಲೇಖಕರ ‘ವಂಶವೃಕ್ಷ’ (1965) ಈ ಅಂತರವನ್ನು ಮೇಲಿನ ತುದಿಯಿಂದ ನೋಡುತ್ತದೆ. ನಂಜನಗೂಡಿನ ಶ್ರೀನಿವಾಸ ಶ್ರೋತ್ರಿಗಳು ವಂಶದ ಪಾವಿತ್ರ್ಯವನ್ನು ನಂಬಿ ಬಾಳಿದವರು. ಮಗ ತೀರಿಕೊಂಡ ಮೇಲೆ ಸೊಸೆ ಕಾತ್ಯಾಯನಿ ಮರುಮದುವೆಯಾದಾಗ ಮೊಮ್ಮಗನು ವಂಶಕ್ಕೆ ಸೇರಿದವನೆಂಬ ನಿಲುವಿನಿಂದ ಅವನು ಅಜ್ಜನ ಮನೆಯಲ್ಲೇ ಉಳಿಯುತ್ತಾನೆ. ಮುಂದೆ ಶ್ರೋತ್ರಿಗಳಿಗೆ ತಮ್ಮ ಹುಟ್ಟಿನ ಗುಟ್ಟು ತಿಳಿಯುತ್ತದೆ. ತಾವು ಯಾವ ವಂಶದ ಹೆಸರಿನಲ್ಲಿ ತಾಯಿಯೊಬ್ಬಳಿಂದ ಮಗನನ್ನು ಅಗಲಿಸಿದರೋ ಆ ವಂಶಕ್ಕೆ ತಾವೇ ರಕ್ತದಿಂದ ಸೇರಿದವರಲ್ಲ. ಆಸ್ತಿ ಕೈತಪ್ಪದಿರಲೆಂದು ಹಿಂದಿನವರು ನಡೆಸಿದ ಉಪಾಯದ ಫಲ ತಾವು. ಅವರು ಆಸ್ತಿಯನ್ನು ತ್ಯಜಿಸಿ ಮನೆಯಿಂದ ಹೊರಡುತ್ತಾರೆ. ಕಾದಂಬರಿಯ ವಿಚಾರಗಳನ್ನು ಒಪ್ಪದವರೂ ಈ ತ್ಯಾಗದ ಘನತೆಯನ್ನು ಒಪ್ಪುತ್ತಾರೆ. ಆದರೆ ನನಗೆ ಇಲ್ಲೊಂದು ಆಕ್ಷೇಪವಿದೆ. ಶ್ರೋತ್ರಿಗಳ ತ್ಯಾಗ ಅವರ ಆತ್ಮಕ್ಕೆ ನೆಮ್ಮದಿ ಕೊಟ್ಟಿರಬಹುದು. ತಾಯಿಯಿಲ್ಲದೆ ಬೆಳೆದ ಹುಡುಗನ ವರ್ಷಗಳನ್ನು ಅದು ಹಿಂದಕ್ಕೆ ತಂದುಕೊಡಲಾರದು. ಕಾದಂಬರಿ ಹಿರಿಯರ ಧರ್ಮಸಂಕಟಕ್ಕೆ ಕೊಟ್ಟ ಪುಟಗಳನ್ನು ಆ ಹುಡುಗನ ಒಂಟಿತನಕ್ಕೆ ಕೊಟ್ಟಿಲ್ಲ.

ಮಗುವಿನ ಕಣ್ಣಿನಿಂದ ತಂದೆಯರನ್ನು ನೋಡಿದ ಕಥೆಯೆಂದರೆ ಯು.ಆರ್. ಅನಂತಮೂರ್ತಿಯವರ ‘ಘಟಶ್ರಾದ್ಧ’. 1977ರಲ್ಲಿ ಗಿರೀಶ ಕಾಸರವಳ್ಳಿಯವರು ಇದನ್ನು ಚಲನಚಿತ್ರವಾಗಿಸಿ ಸ್ವರ್ಣಕಮಲ ಪಡೆದುದು ಎಲ್ಲರಿಗೂ ತಿಳಿದದ್ದೇ. ಉಡುಪರ ವೇದಪಾಠಶಾಲೆಯಲ್ಲಿ ಓದಲು ಬಂದ ಪುಟ್ಟ ಹುಡುಗನಿಗೆ ಆಸರೆಯಾದವಳು ಉಡುಪರ ವಿಧವೆ ಮಗಳು ಯಮುನಕ್ಕ. ಆಕೆ ಬಸಿರಾದಳೆಂದು ತಿಳಿದಾಗ ತಂದೆಯೇ ಬದುಕಿರುವ ಮಗಳ ಶ್ರಾದ್ಧ ಮಾಡಿ ಆಕೆಯನ್ನು ಕುಲದಿಂದ ಕಳೆಯುತ್ತಾನೆ. ಹುಡುಗನನ್ನು ಅವನ ತಂದೆ ಬಂದು ಊರಿಗೆ ಕರೆದೊಯ್ಯುತ್ತಾನೆ. ಈ ಎರಡು ತಂದೆಯರನ್ನು ಪಕ್ಕಪಕ್ಕದಲ್ಲಿಟ್ಟು ನೋಡಬೇಕು. ಒಬ್ಬ ತನ್ನ ಮಗಳನ್ನು ಬಿಟ್ಟ. ಇನ್ನೊಬ್ಬ ತನ್ನ ಮಗನನ್ನು ಕರೆದುಕೊಂಡ. ಆದರೆ ಮರದ ಕೆಳಗೆ ಕುಳಿತ ಯಮುನಕ್ಕನನ್ನು ಹಿಂದೆ ಬಿಟ್ಟು ನಡೆಯುವ ಹುಡುಗನಿಗೆ ಇಬ್ಬರೂ ಒಂದೇ ಲೋಕದವರು. ಹಂಸಧ್ವಜನ ಕೊಪ್ಪರಿಗೆಯಿಂದ ಮಗನನ್ನು ಉಳಿಸಲು ಹರಿಯಿದ್ದ. ಇಲ್ಲಿ ಮಗಳನ್ನು ಉಳಿಸಲು ಯಾರೂ ಇಲ್ಲ. ಕಟ್ಟಳೆ ದೊಡ್ಡದೋ ಮಗು ದೊಡ್ಡದೋ ಎಂದು ಕೇಳಿದಾಗ ಕಟ್ಟಳೆಯನ್ನು ಆರಿಸಿದ ತಂದೆಯನ್ನು ಕನ್ನಡ ಸಾಹಿತ್ಯ ಕ್ಷಮಿಸಿಲ್ಲ.

ಹೀಗೆ ಆರೋಪಿಗಳ ಸಾಲನ್ನೇ ನಿಲ್ಲಿಸಿದರೆ ತಂದೆಯ ಪರವಾಗಿ ಸಾಕ್ಷಿ ಹೇಳುವವರೇ ಇಲ್ಲವೇ? ಇದ್ದಾರೆ. ಮೊದಲನೆಯವರು ಬೇಂದ್ರೆಯವರೇ. 1944ರಿಂದ 1956ರವರೆಗೆ ಸೊಲ್ಲಾಪುರದ ಕಾಲೇಜಿನಲ್ಲಿ ಕನ್ನಡ ಕಲಿಸಿದ ಅವರು ಗಡಿಯ ಕನ್ನಡಿಗರೆಲ್ಲರಿಗೂ ನಮ್ಮವರು. ಅವರು ತಮ್ಮ ಮಕ್ಕಳಲ್ಲಿ ಹಲವರನ್ನು ಎಳವೆಯಲ್ಲಿಯೇ ಕಳೆದುಕೊಂಡರು. ‘ನೀ ಹೀಂಗ ನೋಡಬ್ಯಾಡ ನನ್ನ’ ಎಂಬ ಅವರ ಕವಿತೆ ಆ ದುಃಖದಿಂದ ಹುಟ್ಟಿದ್ದು. ಮಗು ಹೋದಾಗ ತಾಯಿ ಅಳುವುದನ್ನು ರಾಘವಾಂಕನ ಚಂದ್ರಮತಿಯಿಂದ ಹಿಡಿದು ನಮ್ಮ ಕಾವ್ಯ ಎಷ್ಟೋ ಬಾರಿ ಹಾಡಿದೆ. ಇಲ್ಲಿ ಅಳಲಾರದೆ ನಿಂತ ತಂದೆಯಿದ್ದಾನೆ. ಹೆಂಡತಿಯ ನೋಟವನ್ನು ಎದುರಿಸುವ ಧೈರ್ಯ ಅವನಿಗಿಲ್ಲ. ಅವನಲ್ಲಿ ಆಜ್ಞೆಯಿಲ್ಲ, ಉಪದೇಶವಿಲ್ಲ, ಸಾಂತ್ವನ ಹೇಳುವ ಶಕ್ತಿಯೂ ಇಲ್ಲ. ಯಜಮಾನಿಕೆಯ ಪೊರೆಯೆಲ್ಲ ಕಳಚಿದ ತಂದೆ ಕನ್ನಡದಲ್ಲಿ ಮೊದಲ ಬಾರಿಗೆ ಇಷ್ಟು ಬರಿಮೈಯಲ್ಲಿ ಕಾಣಿಸಿಕೊಂಡದ್ದು ಇಲ್ಲಿಯೇ ಎಂದು ನನಗೆ ತೋರುತ್ತದೆ. ತಾಯಿಯ ಹೆಸರನ್ನು ಅಂಕಿತವಾಗಿಸಿಕೊಂಡ ಕವಿಯೇ ತಂದೆಯ ದುಃಖಕ್ಕೂ ನಾಲಗೆಯಾದರೆಂಬುದು ಸಣ್ಣ ಮಾತಲ್ಲ.

ಎರಡನೆಯ ಸಾಕ್ಷಿ ಪೂರ್ಣಚಂದ್ರ ತೇಜಸ್ವಿಯವರ ‘ಅಣ್ಣನ ನೆನಪು’. ಅಣ್ಣನೆಂದರೆ ತಂದೆ ಕುವೆಂಪು. ಮಲೆನಾಡಿನ ಆ ಮನೆಯವರು ತಂದೆಯನ್ನು ಕರೆಯುತ್ತಿದ್ದುದು ಹಾಗೆ. ಮಹಾಕವಿಯ ಮಗನು ಬರೆದ ಪುಸ್ತಕವೆಂದಾಗ ಪುಷ್ಪಮಾಲೆಯನ್ನು ನಿರೀಕ್ಷಿಸಿದವರಿಗೆ ಅಲ್ಲಿ ಸಿಗುವುದು ಹುಡುಗರ ತಂಟೆ, ಮನೆಯ ನಾಯಿ, ಮೈಸೂರಿನ ದಿನಗಳು, ನಗು. ತಂದೆಯ ಹಿರಿಮೆಯನ್ನು ಮಗ ಎಲ್ಲಿಯೂ ಸಾರಿ ಹೇಳುವುದಿಲ್ಲ. ತನ್ನ ದಾರಿಯನ್ನು ತಾನೇ ಹುಡುಕಿಕೊಳ್ಳಲು ಬಿಟ್ಟ ತಂದೆಯೊಬ್ಬನ ಚಿತ್ರ ತಾನಾಗಿ ಮೂಡುತ್ತದೆ. ತೇಜಸ್ವಿಯವರು ಪ್ರಾಧ್ಯಾಪಕರಾಗಲಿಲ್ಲ, ಮೂಡಿಗೆರೆಯಲ್ಲಿ ಕೃಷಿಕರಾದರು. ಮಹಾಕಾವ್ಯ ಬರೆಯಲಿಲ್ಲ, ಬೇರೆಯೇ ಬಗೆಯ ಗದ್ಯ ಬರೆದರು. ಅರ್ಜುನನಿಗೆ ಸಾಧ್ಯವಾಗದ್ದು ಇಲ್ಲಿ ಸಾಧ್ಯವಾಗಿದೆ: ತನ್ನಂತಾಗದ ಮಗನನ್ನು ತನ್ನ ಮಗನೆಂದು ಒಪ್ಪುವುದು.

ಇಷ್ಟಾದರೂ ನಮ್ಮ ಸಾಹಿತ್ಯದ ಒಂದು ಕೊರತೆಯನ್ನು ಹೇಳಲೇಬೇಕು. ಅಡಕೆ ತೋಟಕ್ಕೆ ನೀರು ಹಾಯಿಸಿ, ಸೊಸೈಟಿಯ ಸಾಲದ ಕಂತು ಕಟ್ಟಿ, ರಾತ್ರಿ ಮಕ್ಕಳ ಪಾಠದ ಬಳಿ ನಿದ್ದೆಗಣ್ಣಿನಲ್ಲಿ ಕುಳಿತಿರುವ ಸಾಮಾನ್ಯ ತಂದೆ ನಮ್ಮ ದೊಡ್ಡ ಕೃತಿಗಳಲ್ಲಿ ಮುಖ್ಯಪಾತ್ರವಾಗಿ ಬರುವುದು ತೀರ ಅಪರೂಪ. ಇದಕ್ಕೆ ಕಾರಣ ಉಪೇಕ್ಷೆಯೊಂದೇ ಅಲ್ಲ. ತಾಯಿಯ ದುಡಿಮೆ ಮನೆಯೊಳಗೆ ಮಗುವಿನ ಕಣ್ಣೆದುರು ನಡೆಯುತ್ತದೆ. ತಂದೆಯದು ಹೆಚ್ಚಾಗಿ ಮಗು ಕಾಣದ ಕಡೆ. ಲಚ್ಚನಿಗೆ ಬೆವರು ಕಾಣದೆ ಹಣ ಮಾತ್ರ ಕಂಡದ್ದೂ ಹೀಗೆಯೇ. ಮೇಲಾಗಿ, ಕರ್ತವ್ಯ ಮಾಡಿದ ತಂದೆಯ ಮನೆಯಲ್ಲಿ ಕಥೆಗೆ ಬೇಕಾದ ಘರ್ಷಣೆ ಹುಟ್ಟುವುದಿಲ್ಲ. ಈ ಕೊರತೆಯನ್ನು ತುಂಬಲೆಂದು ಸ್ಮರಣ ಸಂಚಿಕೆಗಳಲ್ಲಿ ‘ಅಪ್ಪ’ನ ಮೇಲೆ ಪ್ರಾಸಬದ್ಧ ಕವಿತೆಗಳು ಈಗ ಬಹಳ ಬರುತ್ತಿವೆ. ಅವುಗಳಲ್ಲಿ ಅಪ್ಪ ಆಲದ ಮರ, ಅಪ್ಪ ಆಗಸ. ಮರಕ್ಕೂ ಆಗಸಕ್ಕೂ ಮುಖವಿಲ್ಲ. ಎಳೆಯ ಲೇಖಕರು ಹೋಲಿಕೆಗಳನ್ನು ಬಿಟ್ಟು ತಮ್ಮ ತಂದೆಯ ಒಂದು ದಿನದ ಕೆಲಸವನ್ನು ಇದ್ದಂತೆ ಬರೆದರೆ ಕನ್ನಡಕ್ಕೆ ಹೆಚ್ಚಿನ ಲಾಭವಾದೀತು.

ಇನ್ನು ನಮ್ಮ ಗಡಿನಾಡಿನ ಮಾತು. ಮನೆ, ಹೊಲಗಳ ಆಚೆಗೆ ತಂದೆಯಿಂದ ಮಕ್ಕಳಿಗೆ ದಾಟಬಹುದಾದ ಬಳುವಳಿ ಯಾವುದೆಂಬ ಪ್ರಶ್ನೆಗೆ ಇಲ್ಲಿ ಒಂದು ವಿಶೇಷವಾದ ಉತ್ತರವಿದೆ. ಕನ್ನಡವನ್ನು ನಾವು ತಾಯ್ನುಡಿ ಎನ್ನುತ್ತೇವೆ. ಆದರೆ ಕಾಸರಗೋಡಿನ ಕನ್ನಡಿಗರಲ್ಲಿ ಎಷ್ಟೋ ಮಂದಿಗೆ ತಾಯಿ ಜೋಗುಳ ಹಾಡಿದ ಭಾಷೆ ತುಳು, ಕೊಂಕಣಿ, ಮರಾಠಿ ಅಥವಾ ಮಲಯಾಳ. ಮಂಜೇಶ್ವರದ ಗೋವಿಂದ ಪೈಗಳ ಮನೆಮಾತು ಕೊಂಕಣಿ. ಶತಾಯುಷಿ ಕಯ್ಯಾರ ಕಿಞ್ಞಣ್ಣ ರೈಗಳ ಮನೆಮಾತು ತುಳು. ಗಡಿಯ ಆಚೆಗೂ ನೋಡಿದರೆ ಬೇಂದ್ರೆಯವರ ಮನೆಮಾತು ಮರಾಠಿ, ಮಾಸ್ತಿಯವರದು ತಮಿಳು. ಇವರಿಗೆಲ್ಲ ಕನ್ನಡ ತೊಟ್ಟಿಲಿನಿಂದ ಬಂದುದಲ್ಲ. ಶಾಲೆಯಿಂದ, ಓದಿನಿಂದ, ಸುತ್ತಲಿನ ನಾ‌ಡಿನಿಂದ ಬಂದದ್ದು. ನಮ್ಮ ಊರುಗಳಲ್ಲಿ ಅದಕ್ಕೆ ಚಾವಡಿಯ ಪುರಾಣವಾಚನವೂ ಆಟದ ಬಯಲೂ ಸೇರಿದ್ದವು. ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ಆಟಕ್ಕೆ ಕರೆದೊಯ್ದವನು, ಲಕ್ಷ್ಮೀಶನನ್ನು ಓದುವವರ ಪಕ್ಕದಲ್ಲಿ ಕೂರಿಸಿದವನು, ಶಾಲೆಗೆ ಸೇರಿಸಿದವನು ಹೆಚ್ಚಾಗಿ ತಂದೆ. ಅಳಿಯಸಂತಾನದ ಮನೆಯ ತಂದೆಯೂ, ಗದ್ದೆ ಕೊಡಲಾರದವನು, ಇದನ್ನು ಕೊಡಬಲ್ಲವನಾಗಿದ್ದ.

ಶಾಲೆಯ ಪ್ರವೇಶ ದಾಖಲೆಯನ್ನು ಬಹುಕಾಲ ನೋಡಿದವನಾಗಿ ಒಂದು ಮಾತು ಹೇಳಬಲ್ಲೆ. ಮಗು ಯಾವ ಮಾಧ್ಯಮದಲ್ಲಿ ಓದಬೇಕೆಂಬ ಅಂಕಣ ತುಂಬುವಾಗ ತಾಯಿ ಹೆಚ್ಚಾಗಿ ಹಿಂದೆ ನಿಂತಿರುತ್ತಾಳೆ; ಸಹಿ ತಂದೆಯದು. “ಕನ್ನಡ ಹೇಗೂ ಮನೆಯಲ್ಲಿ ಉಂಟಲ್ಲ ಮಾಸ್ಟ್ರೇ, ಶಾಲೆಯಲ್ಲಿ ಬೇರೆ ಯಾಕೆ?” ಎಂದು ಕೇಳಿದವರು ಅನೇಕರು. ಅವರ ಆತಂಕ ಸುಳ್ಳಲ್ಲ. ಉದ್ಯೋಗ ಮಲಯಾಳದಲ್ಲಿದೆ, ಇಂಗ್ಲಿಷಿನಲ್ಲಿದೆ. ಮಗನ ಹೊಟ್ಟೆಪಾಡಿನ ಚಿಂತೆ ತಂದೆಗಿರಬೇಕಾದದ್ದೇ. ಆದರೆ ಮನೆಯಲ್ಲಿ ಇದ್ದದ್ದು ತುಳುವೋ ಕೊಂಕಣಿಯೋ ಆಗಿದ್ದರೆ, ಚಾವಡಿಯ ಓದು ನಿಂತು ಟಿ.ವಿ. ಬಂದಿದ್ದರೆ, ಆಟಕ್ಕೆ ಹೋಗುವ ಅಭ್ಯಾಸವೂ ತಪ್ಪಿದ್ದರೆ, ಕನ್ನಡ ಆ ಮನೆಯಲ್ಲಿ ಎಲ್ಲಿದೆ? ಇದು ಇಂಗ್ಲಿಷಿನ ಮೇಲಿನ ದೂರಲ್ಲ. ರಾಮ ಐತಾಳರ ಮಗನೂ ಮೊಮ್ಮಗನೂ ಇಂಗ್ಲಿಷ್ ಕಲಿತರೆಂಬುದನ್ನು ಆಗಲೇ ನೋಡಿದೆವು. ಒಬ್ಬನಿಗೆ ಮರಳಿ ಬರಲು ದಾರಿ ತಿಳಿದಿತ್ತು, ಇನ್ನೊಬ್ಬನಿಗೆ ತಿಳಿದಿರಲಿಲ್ಲ, ವ್ಯತ್ಯಾಸ ಅಷ್ಟೆ. ಮಗು ಯಾವ ಮಾಧ್ಯಮದಲ್ಲಿಯೇ ಓದಲಿ, ವಾರಕ್ಕೊಮ್ಮೆ ತಂದೆಯ ಪಕ್ಕದಲ್ಲಿ ಕುಳಿತು ಒಂದು ಕನ್ನಡ ಪುಟ ಓದಿದರೆ ಮರಳುವ ದಾರಿ ಮುಚ್ಚುವುದಿಲ್ಲ.

ಆಸ್ತಿ ಕಾನೂನಿನಿಂದ ಇಳಿಯುತ್ತದೆ, ಮುಖದ ಚಹರೆ ರಕ್ತದಿಂದ ಇಳಿಯುತ್ತದೆ. ಭಾಷೆ ಮಾತ್ರ ಯಾರಾದರೂ ಕುಳಿತು ಕೊಟ್ಟರೆ ಇಳಿಯುತ್ತದೆ, ಇಲ್ಲವಾದರೆ ಇಲ್ಲ. ಅದಕ್ಕೆ ನೋಂದಣಿ ಕಚೇರಿಯಿಲ್ಲ, ಮುದ್ರಾಂಕ ಶುಲ್ಕವಿಲ್ಲ, ಪಾಲಿನ ಜಗಳವೂ ಇಲ್ಲ. ಹಂಚಿದಷ್ಟೂ ಎಲ್ಲರಿಗೂ ಪೂರ್ತಿಯೇ ಸಿಗುವ ಆಸ್ತಿ ಅದು. ನಮ್ಮ ಕಾವ್ಯ-ಕಾದಂಬರಿಗಳು ತಂದೆಯರ ಮೇಲೆ ಹೊರಿಸಿದ ಆರೋಪವನ್ನು ಒಟ್ಟುಗೂಡಿಸಿದರೆ ಹೀಗಾಗುತ್ತದೆ: ಅವರು ಬಹಳ ಕೊಟ್ಟರು, ಆದರೆ ಜೊತೆಗೆ ಕುಳಿತುಕೊಳ್ಳಲಿಲ್ಲ. ಸಮ್ಮೇಳನ ಮುಗಿಸಿ ಈ ಸಂಚಿಕೆಯನ್ನು ಮನೆಗೆ ಒಯ್ಯುವ ತಂದೆಯರು ಇದನ್ನು ಕಪಾಟಿನಲ್ಲಿ ಇಡುವ ಮೊದಲು ಒಂದು ಸಂಜೆ ಮಕ್ಕಳ ಎದುರು ತೆರೆದು, ತಮಗೆ ಇಷ್ಟವಾದ ಒಂದು ಪುಟವನ್ನು ಗಟ್ಟಿಯಾಗಿ ಓದಬೇಕೆಂದು ವಿನಂತಿ.